ಫೋಲ್ಡಿಂಗ್ ಮಷಿನ್ ತಂದೆವು, ಕಲಿತದ್ದು ಸ್ಕೈವಿಂಗ್

ಲೆದರ್ ಬ್ಯಾಗಿನ ಅಂಚು ಮುಗಿಸುವುದಕ್ಕೆ ಮುಖ್ಯವಾಗಿ ಎರಡು ದಾರಿ. ಕತ್ತರಿಸಿದ ಅಂಚನ್ನು ಹಾಗೇ ಬಿಟ್ಟು, ಉಜ್ಜಿ, ಬಣ್ಣ ಹಚ್ಚಿ ನಯ ಮಾಡಬಹುದು. ಇಲ್ಲವೇ ಅಂಚನ್ನು ಒಳಕ್ಕೆ ಮಡಚಿ ಅಂಟಿಸಿ, ಮೇಲೊಂದು ಹೊಲಿಗೆ ಹಾಕಬಹುದು. ನಾವು ಕ್ರೋಮಿಯಂ ಲವಣದಿಂದ ಹದ ಮಾಡಿದ ಮೆತ್ತಗಿನ ಕ್ರೋಮ್ ಲೆದರಿನಲ್ಲಿ ಕೆಲಸ ಮಾಡುವವರು, ಹಾಗಾಗಿ ಮಡಚುವುದೇ ಜಾಸ್ತಿ. ಬಹಳ ಕಾಲ ಅದನ್ನು ಕೈಯಲ್ಲೇ ಮಾಡಿದೆವು. ಬ್ರಷ್‌ನಿಂದ ಅಂಟು ಹಚ್ಚಬೇಕು, ಅದು ಅರೆಬರೆ ಒಣಗುವವರೆಗೆ ಕಾಯಬೇಕು, ಬೆರಳಿನಿಂದ ಮಡಚಬೇಕು, ಮೂಳೆಯ ಪಟ್ಟಿಯಿಂದ ತೀಡಬೇಕು, ಆಮೇಲೆ ಸುತ್ತಿಗೆಯಿಂದ ಮೆಲ್ಲಗೆ ಬಡಿಯಬೇಕು. ನಾಲ್ಕಾರು ಫ್ಲ್ಯಾಪ್, ಅಂದರೆ ಬ್ಯಾಗಿನ ಬಾಯಿ ಮುಚ್ಚುವ ಮೇಲಿನ ಹೊದಿಕೆ, ಮುಗಿಯುವಷ್ಟರಲ್ಲಿ ಹೆಬ್ಬೆರಳು ಬೇಡ ಅನ್ನುತ್ತಿತ್ತು.

ಆದರೆ ಅಂಚು ಮಡಚುವ ಫೋಲ್ಡಿಂಗ್ ಮಷಿನ್ ತರಲೇಬೇಕು ಅನ್ನಿಸಿದ್ದು ಬೆರಳಿನ ನೋವಿನಿಂದಲ್ಲ, ಅಂಟಿನ ವಾಸನೆಯಿಂದ. ಡಬ್ಬಿ ತೆರೆದಿಟ್ಟು ಮಧ್ಯಾಹ್ನದವರೆಗೆ ಕೂತರೆ ತಲೆ ಭಾರ. ಈ ಕೆಲಸ ಅಂದಮೇಲೆ ಇದೆಲ್ಲ ಇದ್ದದ್ದೇ ಅಂತ ಬಿಡುವ ವಿಷಯವಲ್ಲ ಅದು. 1960ರ ದಶಕದಲ್ಲಿ ಜಪಾನ್‌ನಲ್ಲಿ ಮನೆಯಲ್ಲೇ ಕೂತು ಚಪ್ಪಲಿಗೆ ಅಂಟು ಹಚ್ಚುತ್ತಿದ್ದ ಅನೇಕರಿಗೆ ಕೈಕಾಲು ಜೋಮು ಹಿಡಿದು, ಬಲ ಕುಂದಿ, ನಡೆಯುವುದೇ ಕಷ್ಟವಾಗಿತ್ತು. ಅಂಟಿಗೆ ಬೆರೆಸುತ್ತಿದ್ದ ಹೆಕ್ಸೇನ್ ಅನ್ನುವ ದ್ರಾವಕ ನರಗಳನ್ನು ಕೆಡಿಸುತ್ತದೆ ಅನ್ನುವುದು ಆಗ ಗೊತ್ತಾಯಿತು. ಇಟಲಿಯ ಶೂ ಕೆಲಸಗಾರರಲ್ಲೂ ಇದೇ ತೊಂದರೆ ಕಂಡಿತ್ತು. ಇದನ್ನೆಲ್ಲ ಓದಿದ ಮೇಲೆ, ಕಿಟಕಿ ತೆಗೆದು ಫ್ಯಾನ್ ಹಾಕಿದರೆ ಸಾಕು ಅನ್ನುವ ಧೈರ್ಯ ನನಗೆ ಉಳಿಯಲಿಲ್ಲ.

ಫೋಲ್ಡಿಂಗ್ ಮಷಿನ್‌ನಲ್ಲಿ ಹಾಕುವುದು ಕಾಯಿಸಿ ಕರಗಿಸುವ ಹಾಟ್‌ಮೆಲ್ಟ್ ಅಂಟು. ಪಾಲಿಅಮೈಡ್ ಅಥವಾ ಪಾಲಿಯೆಸ್ಟರ್ ಜಾತಿಯದು. ಕಾಳಿನ ರೂಪದಲ್ಲೋ ಕಡ್ಡಿಯ ರೂಪದಲ್ಲೋ ಬರುತ್ತದೆ. ಆವಿಯಾಗಿ ಗಾಳಿಗೆ ಸೇರುವ ದ್ರಾವಕ ಅದರಲ್ಲಿ ಇಲ್ಲ. ಕಾಯಬೇಕಾದ್ದೂ ಇಲ್ಲ, ತಣಿದ ಕ್ಷಣಕ್ಕೆ ಹಿಡಿಯುತ್ತದೆ.

ನೋಡುವುದಕ್ಕೆ ಈ ಮಷಿನ್ ಹೊಲಿಗೆ ಮಷಿನ್‌ನ ಅಣ್ಣನ ಹಾಗಿದೆ. ಮೇಜು, ಕೆಳಗೆ ಮೋಟಾರು, ಪೆಡಲ್. ಸೂಜಿ ಇರಬೇಕಾದ ಜಾಗದಲ್ಲಿ ಒಂದು ಪುಟ್ಟ ಸುತ್ತಿಗೆ. ಲೆದರನ್ನು ಮುಖ ಕೆಳಗಾಗಿ ಇಟ್ಟು, ಅಂಚನ್ನು ಗೈಡ್‌ಗೆ ತಾಗಿಸಿ ಒಳಗೆ ಬಿಡಬೇಕು. ಒಳಗೆ ಹೋಗುತ್ತಾ ಅಂಚು ಒಂದು ಬಾಗಿದ ತುಂಡಿನ ಮೇಲೆ ಎದ್ದು ನಿಲ್ಲುತ್ತದೆ. ಪಕ್ಕದ ನಾಝಲ್‌ನಿಂದ ಅಂಟಿನ ಗೆರೆ ಬೀಳುತ್ತದೆ. ಎದ್ದ ಅಂಚು ಮಗುಚಿ ಬೀಳುತ್ತದೆ. ಸುತ್ತಿಗೆ ಟಕಟಕ ಬಡಿದು ಅದನ್ನು ಕೂರಿಸಿ, ಹಾಗೇ ಮುಂದಕ್ಕೆ ತಳ್ಳುತ್ತದೆ. ಅಂಟಿನ ಪಂಪು ಮಷಿನ್‌ನ ಓಟಕ್ಕೆ ಜೋಡಿಸಿದ್ದು. ನಾವು ನಿಧಾನ ಮಾಡಿದರೆ ಅಂಟೂ ನಿಧಾನ, ನಿಲ್ಲಿಸಿದರೆ ಅದೂ ನಿಲ್ಲುತ್ತದೆ. ಮಡಿಕೆಯ ಅಗಲವನ್ನು ಗೈಡ್ ತಿರುಗಿಸಿ ಬದಲಿಸಬಹುದು. ಸಾಮಾನ್ಯವಾಗಿ 3ರಿಂದ 8 ಮಿಲಿಮೀಟರ್ ಒಳಗೇ ಎಲ್ಲರ ಕೆಲಸ.

ಜೋಡಿಸಲು ಬಂದ ಫಿಟ್ಟರ್ ತಮ್ಮ ಚೀಲದಿಂದ ಒಂದು ಲೆದರ್ ಪಟ್ಟಿ ತೆಗೆದು ಓಡಿಸಿ ತೋರಿಸಿದರು. ಗೆರೆ ಎಳೆದ ಹಾಗೆ ಮಡಿಕೆ ಬಂತು. ಎಲ್ಲರೂ ಹೋ ಅಂದೆವು. ಆಮೇಲೆ ನಮ್ಮದೇ ಫ್ಲ್ಯಾಪ್ ಕೊಟ್ಟೆವು. ಒಂದು ಕಡೆ ಉಬ್ಬು, ಒಂದು ಕಡೆ ಸಪಾಟು. ನಡುವೆ ಒಂದು ಗೇಣಿನಷ್ಟು ಉದ್ದಕ್ಕೆ ಮಡಿಕೆ ಬಾಯಿ ಬಿಟ್ಟುಕೊಂಡಿತ್ತು. ಮಷಿನ್ ಕೆಟ್ಟಿದೆಯಾ ಅಂತ ಕೇಳಿದೆ. ಅವರು ಫ್ಲ್ಯಾಪನ್ನು ಎರಡು ಬೆರಳ ನಡುವೆ ಹಿಡಿದು ಅಂಚಿನುದ್ದಕ್ಕೂ ಜಾರಿಸಿ, “ಇದನ್ನು ಸ್ಕೈವ್ ಮಾಡಿದವರು ಯಾರು?” ಅಂದರು.

ನಮ್ಮಲ್ಲಿ ಅಂಚು ಹೆರೆದು ತೆಳು ಮಾಡುವ ಈ ಸ್ಕೈವಿಂಗ್ ಕೆಲಸ ನೋಡಿಕೊಳ್ಳುವ ಅಕ್ಕ ಅಲ್ಲೇ ನಿಂತಿದ್ದರು. ಅವರಿಗೆ ಕೋಪ ಬಂತು. “ಇಷ್ಟು ವರ್ಷ ಇದೇ ಸ್ಕೈವಿಂಗ್‌ನಲ್ಲಿ ಬ್ಯಾಗ್ ಹೋಗಿಲ್ವಾ?” ಅಂದರು. ಹೋಗಿವೆ, ನಿಜ. ಅದಕ್ಕೆ ಕಾರಣ ನಮ್ಮ ಬೆರಳು. ಕೈಯಲ್ಲಿ ಮಡಚುವಾಗ ದಪ್ಪ ಸಿಕ್ಕಲ್ಲಿ ಬೆರಳು ತಾನಾಗೇ ಜಾಸ್ತಿ ಒತ್ತುತ್ತದೆ, ಸುತ್ತಿಗೆ ಎರಡು ಏಟು ಜಾಸ್ತಿ ಹಾಕುತ್ತದೆ. ತೆಳು ಸಿಕ್ಕಲ್ಲಿ ಸುಮ್ನೆ ಜಾರಿ ಹೋಗುತ್ತದೆ. ಮಷಿನ್‌ಗೆ ಅದೆಲ್ಲ ಗೊತ್ತಿಲ್ಲ. ಒಂದೇ ಒತ್ತಡ, ಒಂದೇ ಏಟು.

ಹಾಗಾಗಿ ಹೊಸ ಮಷಿನ್‌ಗೆ ಬಟ್ಟೆ ಹೊದಿಸಿಟ್ಟು, ಹಳೇ ಸ್ಕೈವಿಂಗ್ ಮಷಿನ್ ಮುಂದೆ ಕೂತೆವು.

ಸ್ಕೈವಿಂಗ್ ಅಂದರೆ ಅಂಚಿನ ಹಿಂಬದಿಯನ್ನು ಹೆರೆದು ತೆಳು ಮಾಡುವುದು. ಲೆಕ್ಕ ಸರಳ. ನಮ್ಮ ಲೆದರ್ 1.4 ಮಿಲಿಮೀಟರ್ ದಪ್ಪ. ಹೆರೆಯದೇ ಮಡಚಿದರೆ ಅಂಚು 2.8 ಆಗುತ್ತದೆ, ನೋಡುವುದಕ್ಕೆ ಹಗ್ಗ ಸುತ್ತಿದ ಹಾಗೆ. 0.6ಕ್ಕೆ ಇಳಿಸಿ ಮಡಚಿದರೆ ಎರಡು ಪದರ ಸೇರಿ 1.2, ನಡುವಿನ ಅಂಟು ಸೇರಿದರೂ ಮೂಲ ದಪ್ಪ ದಾಟುವುದಿಲ್ಲ. ಅಗಲದ ಲೆಕ್ಕವೂ ಇದೆ. 6 ಮಿಲಿಮೀಟರ್ ಮಡಿಕೆಗೆ 6 ಮಿಲಿಮೀಟರ್ ಹೆರೆದರೆ ಸಾಲದು. ಮಡಚಿದ ಭಾಗ ಹೋಗಿ ಕೂರುವ ಜಾಗವೂ ತಗ್ಗಬೇಕಲ್ವಾ? ಅದಕ್ಕೆ ಮಡಿಕೆಯ ಎರಡರಷ್ಟು, ಅದರ ಮೇಲೆ ಒಂದು ಮಿಲಿಮೀಟರ್. ಅಂದರೆ 13. ಇಷ್ಟು ನಮಗೆ ಗೊತ್ತೇ ಇತ್ತು. ಆದರೆ ಹೆರೆದ ಮೇಲೆ ಅಂಚು ನಿಜಕ್ಕೂ ಎಷ್ಟು ಉಳಿದಿದೆ ಅಂತ ಗೇಜ್ ಹಿಡಿದು ನೋಡುವ ಅಭ್ಯಾಸ ಅಂಗಡಿಯಲ್ಲಿ ಯಾರಿಗೂ ಇರಲಿಲ್ಲ. ಹಿಡಿದು ನೋಡಿದರೆ ಒಂದೇ ಫ್ಲ್ಯಾಪಿನಲ್ಲಿ 0.4ರಿಂದ 0.9ರವರೆಗೆ ಎಲ್ಲವೂ ಇತ್ತು!

ಏಕೆ ಹೀಗೆ ಅಂತ ಹುಡುಕಿದಾಗ ಒಂದಕ್ಕಿಂತ ಜಾಸ್ತಿ ಕಾರಣ ಸಿಕ್ಕವು. ಮೊದಲನೆಯದು ಬ್ಲೇಡ್. ಸ್ಕೈವಿಂಗ್ ಮಷಿನ್‌ನ ಬ್ಲೇಡ್ ಗಂಟೆಯ ಆಕಾರದ ಟೊಳ್ಳು ಉಕ್ಕು. ಅದರ ಬಾಯಿಯ ಅಂಚೇ ಚಾಕು. ಅದು ಜೋರಾಗಿ ತಿರುಗುತ್ತಿರುತ್ತದೆ, ಕೆಳಗಿನ ಕಲ್ಲಿನ ಚಕ್ರ ಲೆದರನ್ನು ಅದರತ್ತ ತಳ್ಳುತ್ತದೆ, ಮೇಲಿನ ಪ್ರೆಶರ್ ಫುಟ್ ಎಷ್ಟು ದಪ್ಪ ಉಳಿಯಬೇಕು ಅಂತ ತೀರ್ಮಾನಿಸುತ್ತದೆ. ಹೆರೆದ ಚೂರು ಬ್ಲೇಡಿನ ಟೊಳ್ಳಿನೊಳಗೆ ಹೋಗಿ ಆಚೆ ಬೀಳುತ್ತದೆ. ಮಷಿನ್‌ನಲ್ಲೇ ಇರುವ ಸಾಣೆಕಲ್ಲು ತಾಗಿಸಿ ಹರಿತ ಮಾಡಿದ ಹಾಗೆಲ್ಲ ಬ್ಲೇಡ್ ಸವೆಯುತ್ತದೆ, ಸ್ವಲ್ಪ ಸ್ವಲ್ಪ ಗಿಡ್ಡ ಆಗುತ್ತದೆ. ಆಗ ಸ್ಕ್ರೂ ತಿರುಗಿಸಿ ಅದನ್ನು ಮುಂದಕ್ಕೆ ತರಬೇಕು. ಫುಟ್‌ಗೂ ಬ್ಲೇಡ್‌ಗೂ ನಡುವೆ ಕೂದಲೆಳೆಯ ಸಂದು ಮಾತ್ರ ಇರಬೇಕು, ತಾಗಲೂಬಾರದು. ಸಂದು ಜಾಸ್ತಿಯಾದರೆ ಲೆದರ್ ಅಲ್ಲಿ ಕುಸಿದು, ಬ್ಲೇಡಿಗೆ ಒಮ್ಮೆ ಜಾಸ್ತಿ ಒಮ್ಮೆ ಕಮ್ಮಿ ಸಿಗುತ್ತದೆ. ನಮ್ಮದರಲ್ಲಿ ಆ ಸಂದು ಕಣ್ಣಿಗೆ ಕಾಣುವಷ್ಟು ಬೆಳೆದಿತ್ತು.

ಎರಡನೆಯದು ಲೆದರಿನ ಗುಣ. ಒಂದೇ ತೊಗಲಿನಲ್ಲಿ ಬೆನ್ನಿನ ಭಾಗ ಗಟ್ಟಿ, ನಾರು ಒತ್ತೊತ್ತಾಗಿರುತ್ತದೆ. ಹೊಟ್ಟೆಯ ಭಾಗ ಸಡಿಲ, ಎಳೆದರೆ ಹಿಗ್ಗುತ್ತದೆ. ದೊಡ್ಡ ಫ್ಲ್ಯಾಪ್ ಕತ್ತರಿಸಿದಾಗ ಅದರ ಒಂದು ಮೂಲೆ ಬೆನ್ನಿನ ಕಡೆ, ಇನ್ನೊಂದು ಹೊಟ್ಟೆಯ ಕಡೆ ಇದ್ದರೆ, ಅದೇ ಫುಟ್ ಅಡಿಯಲ್ಲಿ ಎರಡೂ ಬೇರೆ ಬೇರೆ ರೀತಿ ಒತ್ತಿಸಿಕೊಳ್ಳುತ್ತವೆ. ಇದನ್ನು ಸ್ಕೈವಿಂಗ್‌ನಲ್ಲಿ ಪೂರ್ತಿ ಸರಿ ಮಾಡಲಾಗುವುದಿಲ್ಲ, ಕತ್ತರಿಸುವವರೇ ನೋಡಿಕೊಳ್ಳಬೇಕು. ನಮ್ಮ ಕಟಿಂಗ್ ಹುಡುಗನಿಗೆ ಹೊಟ್ಟೆಯ ಭಾಗವನ್ನು ಒಳಜೇಬಿಗೆ, ಪಟ್ಟಿ ತುಂಡುಗಳಿಗೆ ತಳ್ಳು ಅಂದೆವು. ಮಾಲು ಜಾಸ್ತಿ ವೇಸ್ಟ್ ಆಗುತ್ತದೆ ಅಂತ ಅವನು ಗೊಣಗಿದ. ಆಗುತ್ತದೆ, ಸ್ವಲ್ಪ.

ಮೂರನೆಯದನ್ನು ಕಂಡುಹಿಡಿದದ್ದು ಅಕ್ಕನೇ. ಬ್ಲೇಡ್ ಮೊಂಡಾಗಿದ್ದಾಗ ಅದು ಹೆರೆಯುವುದಕ್ಕಿಂತ ಜಾಸ್ತಿ ಎಳೆಯುತ್ತದೆ. ಎಳೆದ ಅಂಚು ಹಿಗ್ಗುತ್ತದೆ. ಹಿಗ್ಗಿದ ಅಂಚನ್ನು ಮಡಚಿದರೆ ಅದಕ್ಕೆ ಕೂರಲು ಜಾಗ ಸಾಲದೆ ಅಲೆ ಅಲೆಯಾಗಿ ಏಳುತ್ತದೆ. “ಮಷಿನ್ ನಿರಿಗೆ ಮಾಡ್ತಿದೆ ಅಂತ ಅದನ್ನ ಬೈತಿದ್ದೀರಲ್ಲ, ನಿರಿಗೆ ಇಲ್ಲೇ ಹುಟ್ಟಿದೆ ನೋಡಿ” ಅಂತ ಸ್ಕೈವ್ ಮಾಡಿದ ಪಟ್ಟಿಯನ್ನು ಮೇಜಿನ ಮೇಲೆ ಬಿಟ್ಟು ತೋರಿಸಿದರು. ಪಟ್ಟಿ ಒಂದು ಕಡೆಗೆ ಬಾಗಿ ಮಲಗಿತ್ತು. ನೇರ ಕತ್ತರಿಸಿದ ಪಟ್ಟಿ ಸ್ಕೈವಿಂಗ್ ಆದ ಮೇಲೂ ನೇರವಾಗೇ ಮಲಗಬೇಕು. ಬ್ಲೇಡ್ ಹೇಗಿದೆ ಅಂತ ತಿಳಿಯಲು ಇದಕ್ಕಿಂತ ಸುಲಭದ ಪರೀಕ್ಷೆ ನಾನು ಕಂಡಿಲ್ಲ. ಈಗ ಬೆಳಿಗ್ಗೆ ಮೊದಲ ಕೆಲಸವೇ ಅದು.

ಬ್ಲೇಡ್ ಸರಿಯಾಗಿ, ಅಂಚು ಎಲ್ಲ ಕಡೆ 0.6ರ ಆಸುಪಾಸಿಗೆ ಬಂದ ಮೇಲೆ ಫೋಲ್ಡಿಂಗ್ ಮಷಿನ್‌ನ ಬಟ್ಟೆ ತೆಗೆದೆವು. ನೇರ ಅಂಚುಗಳು ಫಿಟ್ಟರ್ ತೋರಿಸಿದ ಪಟ್ಟಿಯ ಹಾಗೇ ಬಂದವು. ಉಳಿದದ್ದು ತಿರುವು.

ತಿರುವಿನಲ್ಲಿ ಏನಾಗುತ್ತದೆ ಅಂತ ಕಾಗದದ ಮೇಲೆ ಲೆಕ್ಕ ಹಾಕಿದಾಗಲೇ ನನಗೆ ಪೂರ್ತಿ ಅರ್ಥವಾದದ್ದು. ಫ್ಲ್ಯಾಪಿನ ಮೂಲೆ 20 ಮಿಲಿಮೀಟರ್ ತ್ರಿಜ್ಯದ ಕಾಲು ವೃತ್ತ ಅನ್ನಿ. ಮಡಿಕೆ 6 ಮಿಲಿಮೀಟರ್. ಮಡಚುವ ಮುಂಚೆ ಕತ್ತರಿಸಿದ ಅಂಚು 26ರ ತ್ರಿಜ್ಯದಲ್ಲಿರುತ್ತದೆ, ಅದರ ಉದ್ದ ಸುಮಾರು 41 ಮಿಲಿಮೀಟರ್. ಮಡಚಿದ ಮೇಲೆ ಅದು 14ರ ತ್ರಿಜ್ಯಕ್ಕೆ ಬಂದು ಕೂರಬೇಕು. ಅಲ್ಲಿ ಇರುವ ಜಾಗ 22 ಮಾತ್ರ. 41ನ್ನು 22ರೊಳಗೆ ತುರುಕಬೇಕು! ಹೆಚ್ಚಾದ 19 ಮಿಲಿಮೀಟರ್ ಲೆದರ್ ಎಲ್ಲಿಗೆ ಹೋಗಬೇಕು? ಅದೇ ನಿರಿಗೆ.

ಕೈಯಲ್ಲಿ ಮಾಡುವಾಗ ದಬ್ಬಳದ ತುದಿಯಿಂದ ಸಣ್ಣ ಸಣ್ಣ ನಿರಿಗೆ ಹಿಡಿದು, ಸುತ್ತಿಗೆಯಿಂದ ಬಡಿದು, ಎದ್ದು ನಿಂತ ತುದಿಗಳನ್ನು ಚಾಕುವಿನಿಂದ ಸವರುತ್ತೇವೆ. ಮಷಿನ್ ಇದನ್ನು ಬೇರೆ ರೀತಿ ಮಾಡುತ್ತದೆ. ತಿರುವಿಗೆ ಬಂದಾಗ ಪೆಡಲ್ ಇನ್ನೊಂದು ಹಂತಕ್ಕೆ ಒತ್ತಿದರೆ ಸುತ್ತಿಗೆಯ ಹೆಜ್ಜೆ ಚಿಕ್ಕದಾಗುತ್ತದೆ, ಒಳಬರುವ ಅಂಚು ಜಾಸ್ತಿ ತುಂಬಿಕೊಳ್ಳುತ್ತದೆ. ನಾಲ್ಕು ದೊಡ್ಡ ನಿರಿಗೆಯ ಬದಲು ಇಪ್ಪತ್ತು ಪುಟ್ಟ ನಿರಿಗೆ. ಹೊರಗಿನ ಗೆರೆಯಲ್ಲಿ ಮೂಲೆ ಮೊನಚಾಗದೆ ದುಂಡಗೆ ಉಳಿಯುವುದು ಇದರಿಂದಲೇ. ಆದರೆ 0.6 ದಪ್ಪದ ಲೆದರ್ 41ರಿಂದ 22ಕ್ಕೆ ಇಳಿಯುವುದಕ್ಕೆ ಯಾವ ಪೆಡಲ್ ಒತ್ತಿದರೂ ಒಪ್ಪುವುದಿಲ್ಲ. ನಾವು ಮೂಲೆಯ ತ್ರಿಜ್ಯವನ್ನು 30ಕ್ಕೆ ಏರಿಸಿ, ಮಡಿಕೆಯನ್ನು 5ಕ್ಕೆ ಇಳಿಸಿದೆವು. ಈಗ 55 ಮಿಲಿಮೀಟರ್ ಅಂಚು 39ರೊಳಗೆ ಕೂರಬೇಕು. ಜೊತೆಗೆ ಮೂಲೆಯ ಭಾಗವನ್ನು ಮಾತ್ರ ಇನ್ನೊಮ್ಮೆ ಸ್ಕೈವ್ ಮಾಡಿ 0.4ಕ್ಕೆ ತಂದೆವು. ಮೂಲೆ ಸದ್ದಿಲ್ಲದೆ ಬಂತು. ಬ್ಯಾಗಿನ ಡಿಸೈನ್ ಬದಲಾಯಿತಲ್ಲ ಅಂತ ನೀವು ಕೇಳಬಹುದು. ಬದಲಾಯಿತು. ದುಂಡು ಮೂಲೆಯೇ ಚೆನ್ನಾಗಿ ಕಾಣುತ್ತದೆ ಅನ್ನುವುದು ನನ್ನ ಅಭಿಪ್ರಾಯ, ಮಷಿನ್ ಬಂದ ಮೇಲೆ ಹುಟ್ಟಿದ ಅಭಿಪ್ರಾಯ ಅಂತ ಅಕ್ಕ ನಗುತ್ತಾರೆ.

ಒಳಬಾಗಿದ ತಿರುವಿನಲ್ಲಿ ಕಥೆ ಉಲ್ಟಾ. ಅಲ್ಲಿ ಅಂಚಿನ ಉದ್ದ ಕಮ್ಮಿ, ಕೂರಬೇಕಾದ ಜಾಗ ಜಾಸ್ತಿ. ಲೆದರ್ ಹಿಗ್ಗಬೇಕು ಅಥವಾ ಹರಿಯಬೇಕು. ಅದಕ್ಕೆ ಕಚ್ಚು ಹಾಕುತ್ತಾರೆ. ಮಷಿನ್‌ನಲ್ಲೇ ಒಂದು ಸಣ್ಣ ಚಾಕು ಇದೆ, ಬೇಕಾದಾಗ ಚಾಲೂ ಮಾಡಿದರೆ ಅಂಚಿಗೆ ಸಾಲಾಗಿ ಕಚ್ಚು ಹಾಕುತ್ತಾ ಹೋಗುತ್ತದೆ. ಕಚ್ಚು ಮಡಿಕೆಯ ಗೆರೆ ಮುಟ್ಟಬಾರದು, ಒಂದೂವರೆ ಮಿಲಿಮೀಟರ್ ಮುಂಚೆಯೇ ನಿಲ್ಲಬೇಕು. ಗೆರೆ ಮುಟ್ಟಿದರೆ ಹೊರಗಿನಿಂದ ಸಣ್ಣ ಹಲ್ಲುಗಳ ಹಾಗೆ ಕಾಣುತ್ತದೆ, ಆಮೇಲೆ ಅಲ್ಲೇ ಹರಿಯಲು ಶುರುವಾಗುತ್ತದೆ. ಬ್ಯಾಗಿನ ಬಾಯಿ, ಹಿಡಿಕೆಯಂಥ ಎಳೆತ ಬೀಳುವ ಕಡೆ ಮಡಿಕೆಯೊಳಗೆ 3 ಅಥವಾ 4 ಮಿಲಿಮೀಟರ್ ಅಗಲದ ನೈಲಾನ್ ಟೇಪ್ ಸೇರಿಸಿಕೊಂಡೇ ಮಡಚುವ ವ್ಯವಸ್ಥೆಯೂ ಮಷಿನ್‌ನಲ್ಲಿದೆ. ಕೈಯಲ್ಲಿ ಇದನ್ನು ಮಾಡುವುದು ಎಷ್ಟು ಬೇಜಾರಿನ ಕೆಲಸ ಅಂತ ಗೊತ್ತಿರುವವರಿಗೆ ಈ ಒಂದು ಸೌಲಭ್ಯವೇ ಸಾಕು.

ಅಂಟಿನ ವಿಷಯ. ಬಿಸಿ ಕಮ್ಮಿಯಾದರೆ ಅಂಟು ದಾರ ದಾರವಾಗಿ ಎಳೆಯುತ್ತದೆ, ಲೆದರಿನ ಮೇಲೆ ಕೂತರೂ ಒಳಗಿಳಿಯುವುದಿಲ್ಲ. ಉಗುರಿನಿಂದ ಎತ್ತಿದರೆ ಪಟ್ಟಿಯಾಗಿ ಎದ್ದು ಬರುತ್ತದೆ. ಜಾಸ್ತಿಯಾದರೆ ನೀರಾಗಿ ಮಡಿಕೆಯಿಂದ ಆಚೆ ಹರಿದು ಸುತ್ತಿಗೆಗೆ ಮೆತ್ತುತ್ತದೆ. ಟ್ಯಾಂಕಿಗೂ ನಾಝಲ್‌ಗೂ ಬೇರೆ ಬೇರೆ ಹೀಟರ್ ಇರುವುದರಿಂದ ಎರಡನ್ನೂ ನೋಡಬೇಕು. ಅಂಟಿನ ಚೀಲದ ಮೇಲೆ ಬರೆದ ಡಿಗ್ರಿಯಿಂದ ಶುರು ಮಾಡಿ, ಐದೈದು ಡಿಗ್ರಿ ಏರಿಸಿ ಇಳಿಸಿ ನೋಡಿದರೆ ಬೇಗ ಸಿಗುತ್ತದೆ. ಕೆಲಸ ಇಲ್ಲದಾಗ ಹೀಟರ್ ಹಾಗೇ ಉರಿಯಲು ಬಿಟ್ಟರೆ ಅಂಟು ಕಂದಿ, ಕರಿಯ ಚೂರಾಗಿ ನಾಝಲ್ ಕಟ್ಟುತ್ತದೆ. ಅದನ್ನು ಬಿಚ್ಚಿ ತೆಗೆಯುವುದು ಅರ್ಧ ದಿನದ ತಲೆನೋವು.

ಎಣ್ಣೆ, ಮೇಣ ಕುಡಿಸಿದ ಲೆದರಿಗೆ ಹಾಟ್‌ಮೆಲ್ಟ್ ಸರಿಯಾಗಿ ಹಿಡಿಯುವುದಿಲ್ಲ. ನಾವು ಅಂಥವನ್ನು ಮಷಿನ್‌ಗೆ ಕೊಡುವುದೇ ಇಲ್ಲ, ಹಿಂಬದಿ ಒರಟು ಮಾಡಿ ಕೈಯಲ್ಲೇ ಅಂಟಿಸುತ್ತೇವೆ. ವೆಜಿಟೇಬಲ್ ಟ್ಯಾನ್ ಮಾಡಿದ, ಅಂದರೆ ಮರದ ತೊಗಟೆಯಂಥ ಗಿಡಮೂಲದ ರಸದಿಂದ ಹದ ಮಾಡಿದ, ಗಟ್ಟಿ ಲೆದರನ್ನು ಕೈಯಲ್ಲಿ ಮಡಚುವಾಗ ಸ್ವಲ್ಪ ಒದ್ದೆ ಮಾಡಿಕೊಳ್ಳುವುದು ರೂಢಿ. ಮಷಿನ್‌ಗೆ ಹಾಗೆ ಒದ್ದೆ ಕೊಡಬಾರದು. ಒದ್ದೆ ಇರುವಾಗ ಆ ಜಾತಿಯ ಲೆದರ್ ಸುಮಾರು 75ರಿಂದ 85 ಡಿಗ್ರಿಗೇ ಸುರುಟಿಕೊಳ್ಳುತ್ತದೆ, ಕರಗಿದ ಅಂಟು ಅದಕ್ಕಿಂತ ಎಷ್ಟೋ ಬಿಸಿ. ಕ್ರೋಮ್ ಲೆದರ್ ಒದ್ದೆಯಲ್ಲೂ 100ರವರೆಗೆ ತಡೆದುಕೊಳ್ಳುತ್ತದೆ, ಅದರ ಬಗ್ಗೆ ಅಷ್ಟು ಚಿಂತೆಯಿಲ್ಲ.

ಇಷ್ಟಾಗುವಾಗ ಕ್ಯಾನ್‌ವಾಸ್ ಬ್ಯಾಗುಗಳ ಕೆಲಸ ಬಂತು. ಮೈ ಬಟ್ಟೆಯದು, ಹಿಡಿಕೆ ಮತ್ತು ಫ್ಲ್ಯಾಪ್ ಲೆದರಿನದು. ಬಟ್ಟೆಯನ್ನೂ ಅದೇ ಮಷಿನ್‌ಗೆ ಕೊಡೋಣ ಅಂತ ಹುಡುಗರು ಉತ್ಸಾಹದಲ್ಲಿದ್ದರು. ಬಟ್ಟೆಯ ಸ್ವಭಾವವೇ ಬೇರೆ. ಲೆದರಿನ ಕತ್ತರಿಸಿದ ಅಂಚು ಬಿಚ್ಚಿಕೊಳ್ಳುವುದಿಲ್ಲ, ಒಂದು ಮಡಿಕೆ ಸಾಕು. ನೇಯ್ದ ಬಟ್ಟೆಯ ಅಂಚಿನಿಂದ ನೂಲು ಕಿತ್ತು ಬರುತ್ತಲೇ ಇರುತ್ತದೆ, ಆ ಅಂಚು ಎರಡು ಮಡಿಕೆಯೊಳಗೆ ಬಚ್ಚಿಟ್ಟುಕೊಳ್ಳಬೇಕು, ಇಲ್ಲವೇ ಇನ್ನೊಂದು ಪಟ್ಟಿಯೊಳಗೆ. ಅದಕ್ಕೆ ಬೇಕಾದದ್ದು ಹೊಲಿಗೆ ಮಷಿನ್‌ಗೆ ಸಿಕ್ಕಿಸುವ ಫೋಲ್ಡರ್ ಅನ್ನುವ ತಗಡಿನ ಸುರುಳಿ. ಒಂದು ಕಡೆಯಿಂದ ಚಪ್ಪಟೆ ಪಟ್ಟಿ ಒಳಗೆ ಹೋದರೆ, ಇನ್ನೊಂದು ಕಡೆಯಿಂದ ಎರಡೂ ಅಂಚು ಒಳಗೆ ಮಡಚಿಕೊಂಡು, ಬ್ಯಾಗಿನ ಅಂಚನ್ನು ಅಪ್ಪಿಕೊಂಡು ಆಚೆ ಬರುತ್ತದೆ. ಅಲ್ಲೇ ಸೂಜಿ ಕಾಯುತ್ತಿರುತ್ತದೆ. ಅಂಟೂ ಇಲ್ಲ, ಬಿಸಿಯೂ ಇಲ್ಲ, ಓಡಾಡುವ ಭಾಗ ಒಂದೂ ಇಲ್ಲ. ಬಾಗಿಸಿದ ತಗಡೊಂದು ಇಷ್ಟು ಕೆಲಸ ಮಾಡುವುದನ್ನು ಎಷ್ಟು ಸಲ ನೋಡಿದರೂ ನನಗೆ ಖುಷಿ.

ಫೋಲ್ಡರ್ ಆರಿಸುವುದರಲ್ಲಿ ಸ್ವಲ್ಪ ಪೇಚಾಡಿದೆವು. ಅಂಚನ್ನು ಅಪ್ಪಿ ಮುಚ್ಚುವ ಪಟ್ಟಿ, ಅಂದರೆ ಬೈಂಡಿಂಗ್, 10 ಮಿಲಿಮೀಟರ್ ಅಗಲ ಬೇಕಾದರೆ ಪಟ್ಟಿ ಅದರ ನಾಲ್ಕರಷ್ಟು, ಅಂದರೆ 40 ಇರಬೇಕು, ಅದರ ಮೇಲೆ ಬಟ್ಟೆಯ ದಪ್ಪಕ್ಕೆ ಅಂತ ಎರಡು ಮೂರು ಮಿಲಿಮೀಟರ್. ತೆಳು ಹತ್ತಿಗೆ ಅಂತ ಮಾಡಿದ ಫೋಲ್ಡರ್‌ನಲ್ಲಿ ದಪ್ಪ ಪಟ್ಟಿ ಬಿಟ್ಟರೆ ಒಳಗೆ ಸಿಕ್ಕಿಕೊಂಡು, ಹೊಲಿಗೆ ಎಳೆದ ಹಾಗಾಗುತ್ತದೆ. ದಪ್ಪ ಬಟ್ಟೆಗೆ ಅಂತ ಮಾಡಿದ್ದರಲ್ಲಿ ತೆಳು ಪಟ್ಟಿ ಬಿಟ್ಟರೆ ಒಂದು ಮಗ್ಗುಲು ಜಾರಿ, ಕೆಳಗಿನ ಅಂಚು ಹೊಲಿಗೆಯಿಂದ ತಪ್ಪಿಸಿಕೊಳ್ಳುತ್ತದೆ. ಅಂಗಡಿಯವರಿಗೆ ಅಳತೆ ಹೇಳುವುದಕ್ಕಿಂತ ನಮ್ಮ ಪಟ್ಟಿ, ನಮ್ಮ ಕ್ಯಾನ್‌ವಾಸ್ ಎರಡನ್ನೂ ಕೈಗೆ ಕೊಟ್ಟು ಮಾಡಿಸಿದ್ದು ಕೆಲಸಕ್ಕೆ ಬಂತು. ಫೋಲ್ಡರಿನ ಬಾಯಿ ಸೂಜಿಗೆ ಆದಷ್ಟು ಹತ್ತಿರ ಇರಬೇಕು. ದೂರವಾದರೆ ನಡುವಿನ ಸಂದಿನಲ್ಲಿ ಮಡಿಕೆ ಬಿಚ್ಚಿಕೊಳ್ಳುತ್ತದೆ.

ತಿರುವಿನ ಲೆಕ್ಕ ಇಲ್ಲೂ ಬಿಡುವುದಿಲ್ಲ. ಬಟ್ಟೆಯಲ್ಲಿ ಅದಕ್ಕೆ ಉತ್ತರ ಪಟ್ಟಿಯನ್ನು 45 ಡಿಗ್ರಿ ಓರೆಯಾಗಿ ಕತ್ತರಿಸುವುದು. ನೂಲಿನ ದಿಕ್ಕಿಗೆ ಓರೆಯಾದ ಪಟ್ಟಿ ಹಿಗ್ಗುತ್ತದೆ, ಕುಗ್ಗುತ್ತದೆ, ದುಂಡು ಮೂಲೆಯನ್ನು ನಿರಿಗೆಯಿಲ್ಲದೆ ಸುತ್ತುತ್ತದೆ. ನೂಲಿನ ದಿಕ್ಕಿಗೆ ನೇರ ಕತ್ತರಿಸಿದ ಪಟ್ಟಿ ನೇರ ಅಂಚಿಗೆ ಗಟ್ಟಿ, ಮೂಲೆಯಲ್ಲಿ ಮಾತ್ರ ಹಟ ಮಾಡುತ್ತದೆ. ನಮ್ಮ ಬ್ಯಾಗಿಗೆ ನೇರ ಅಂಚು ಜಾಸ್ತಿ, ಮೂಲೆ ಎರಡೇ. ಆದರೂ ಪೂರ್ತಿ ಓರೆ ಪಟ್ಟಿಯನ್ನೇ ಇಟ್ಟುಕೊಂಡೆವು, ಎರಡು ಬಗೆಯ ಪಟ್ಟಿ ಬೆರಕೆಯಾಗುವ ಗೋಜೇ ಬೇಡ ಅಂತ. ಓರೆ ಪಟ್ಟಿಯನ್ನು ಎಳೆದು ಹೊಲಿಯಬಾರದು ಅನ್ನುವುದೊಂದನ್ನು ಹೊಲಿಯುವವರಿಗೆ ಪದೇ ಪದೇ ಹೇಳಬೇಕಾಗುತ್ತದೆ. ಎಳೆದರೆ ಆಮೇಲೆ ಅದು ಕುಗ್ಗಿ ಬ್ಯಾಗಿನ ಬಾಯಿಯನ್ನೇ ಸೊಟ್ಟ ಮಾಡುತ್ತದೆ.

ಹೊರಜೇಬುಗಳಿಗೆ ಬೇರೆಯದೇ ಮಷಿನ್ ಉಂಟು. ಜೇಬಿನ ಆಕಾರದ ಲೋಹದ ಅಚ್ಚಿನ ಸುತ್ತ ಬಟ್ಟೆಯ ಅಂಚನ್ನು ಪಟ್ಟಿಗಳು ನಾಲ್ಕೂ ಕಡೆಯಿಂದ ಒಳಕ್ಕೆ ತಳ್ಳುತ್ತವೆ, ಬಿಸಿ ಫಲಕ ಮೇಲಿನಿಂದ ಒತ್ತುತ್ತದೆ. ಶರ್ಟು ಹೊಲಿಯುವ ಕಾರ್ಖಾನೆಗಳಲ್ಲಿ ಅದು ಬೇಕೇ ಬೇಕು. ನಮ್ಮಷ್ಟು ಸಣ್ಣ ಕೆಲಸಕ್ಕೆ ರಟ್ಟಿನ ಅಚ್ಚು, ಇಸ್ತ್ರಿ ಪೆಟ್ಟಿಗೆ ಸಾಕು.

ಈಗ ಯಾರಾದರೂ ಫೋಲ್ಡಿಂಗ್ ಮಷಿನ್ ತಗೋಬೇಕಾ ಅಂತ ಕೇಳಿದರೆ, ಮೊದಲು ನಿಮ್ಮ ಅತಿ ಸಣ್ಣ ತಿರುವಿರುವ ತುಂಡನ್ನೂ ಅತಿ ದಪ್ಪದ ಲೆದರನ್ನೂ ನೀವೇ ಸ್ಕೈವ್ ಮಾಡಿ ಡೆಮೋಗೆ ಒಯ್ಯಿರಿ ಅನ್ನುತ್ತೇನೆ. ಅವರ ಪಟ್ಟಿ ಓಡಿಸಿ ತೋರಿಸಲು ಬಿಡಬೇಡಿ, ಅದು ಯಾವ ಮಷಿನ್‌ನಲ್ಲೂ ಚೆನ್ನಾಗೇ ಬರುತ್ತದೆ. ಸುತ್ತಿಗೆ, ಕಚ್ಚಿನ ಚಾಕು, ನಾಝಲ್ ಇವು ಸವೆಯುವ ಭಾಗಗಳು. ಬಿಡಿಯಾಗಿ ಸಿಗುತ್ತವೆಯಾ, ಎಷ್ಟು ದಿನಕ್ಕೆ ಸಿಗುತ್ತವೆ ಅಂತ ಕೇಳಿ. ಮತ್ತೆ ಜೊತೆಯಲ್ಲಿ ನಿಮ್ಮ ಸ್ಕೈವಿಂಗ್ ಮಾಡುವವರನ್ನು ಕರೆದುಕೊಂಡು ಹೋಗಿ. ನಿಮಗೆ ಹೊಳೆಯದ ಪ್ರಶ್ನೆ ಅವರು ಕೇಳುತ್ತಾರೆ.